ಮುಳುಗಿದ ಊರಿನ ನಕ್ಷೆ

ಕಾರವಾರ
12 ಆಗಸ್ಟ್ 2023

ಸೌಂದರ್ಯಾ ಅವರಿಗೆ ನಮಸ್ಕಾರ.

ನನ್ನ ಗುರುತು ನಿಮಗಿಲ್ಲ. ಹೆಸರು ಧೀರೇಂದ್ರ, ಊರು ಜಮಖಂಡಿ. ಈಗ ಇಲ್ಲಿಯ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಜಮಖಂಡಿಯಲ್ಲಿ ಪ್ರೆಸ್ ಇಟ್ಟಿರುವ ಅಮೋಲ ನನ್ನ ಶಾಲೆಯ ಗೆಳೆಯ. ಹೋದ ತಿಂಗಳು ಅವನ ಮೇಜಿನ ಮೇಲೆ ನೀವು ಚೌಕಳಿ ಹಾಳೆಯಲ್ಲಿ ಬಿಡಿಸಿದ ಸೀರೆ ಅಂಚಿನ ಡಿಸೈನುಗಳನ್ನು ನೋಡಿದೆ. ಅವನ್ನು ನೋಡುತ್ತಾ ಚಹಾ ಆರಿಹೋಯಿತು. ಫೋನ್ ನಂಬರ್ ಕೇಳಿದರೆ ಅಮೋಲ, “ಆಕಿ ಫೋನದಾಗ ಹೂಂ ಅನ್ನೂದ ಬಿಟ್ಟ ಬ್ಯಾರೆ ಮಾತಾಡಂಗಿಲ್ಲಪಾ, ಕಾಗದ ಬರಿ” ಎಂದ. ಅದಕ್ಕೇ ಈ ಕಾಗದ.

ನಾನೊಂದು ಆಟದ ಪುಸ್ತಕ ಬರೆಯುತ್ತಿದ್ದೇನೆ. ಆಟ ಎಂದರೆ ಚೌಕಾಬಾರ ಅಲ್ಲ, ಕಂಪ್ಯೂಟರಿನದೂ ಅಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಆಟ ನಡೆಸುವವರು ಒಬ್ಬರು: “ಕೋಟೆಯ ಬಾಗಿಲಿಗೆ ಬಂದಿದ್ದೀರಿ, ಕಾವಲಿನವ ತೂಕಡಿಸುತ್ತಿದ್ದಾನೆ, ಏನು ಮಾಡುತ್ತೀರಿ?” ಎಂದು ಕೇಳುತ್ತಾರೆ. ಉಳಿದವರು ಕತ್ತಿಯವನು, ಮಂತ್ರಗಾತಿ, ಕಳ್ಳ ಎಂದು ಒಂದೊಂದು ಪಾತ್ರ ಹಿಡಿದು ಉತ್ತರ ಕೊಡುತ್ತಾರೆ. ಅಂದುಕೊಂಡದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಈ ಆಟಕ್ಕೆ ಗುಂಪಿಗೊಂದು ನಿಯಮ. ನನ್ನ ಪುಸ್ತಕದಲ್ಲಿ ಮಾತ್ರ ನಿಯಮವೇ ಇಲ್ಲ. ಯಾರ ಬಲ ಎಷ್ಟು, ಪೆಟ್ಟು ಎಷ್ಟು ಎಂಬ ಅಂಕಿಯೂ ಇಲ್ಲ. ಊರುಗಳಿವೆ, ಜನರಿದ್ದಾರೆ, ಗಾಳಿಮಾತುಗಳಿವೆ. ಯಾವ ನಿಯಮದಲ್ಲಿ ಆಡುವವರೂ ಪುಸ್ತಕ ತೆರೆದು ತಮಗೆ ಬೇಕಾದ ಊರು ಎತ್ತಿಕೊಳ್ಳಬಹುದು.

ಅದರಲ್ಲಿ ದೊಡ್ಡ ಅಧ್ಯಾಯ ‘ಮುಳುಗಿದ ಊರು’. ಮಾಟಗಾರನೊಬ್ಬ ಮುಳುಗಿಸಿದ ಊರು. ವರ್ಷಕ್ಕೊಮ್ಮೆ ನೀರು ಸರಿಯುತ್ತದೆ, ಆಗ ಸಾಹಸಿಗಳು ಒಳಹೊಕ್ಕು ಸಿಕ್ಕಿದ್ದನ್ನು ಬಾಚಿಕೊಂಡು ಬರಬೇಕು. ಅದಕ್ಕೊಂದು ನಕ್ಷೆ ಬರೆದುಕೊಡುತ್ತೀರಾ? ಊರು ಹೇಗಿರಬೇಕೆಂಬುದು ಪೂರ್ತಿ ನಿಮಗೆ ಬಿಟ್ಟದ್ದು. ಮನಸ್ಸಿಗೆ ಬಂದ ಊರು ಬರೆಯಿರಿ.

ನಿಮ್ಮ
ಧೀರೇಂದ್ರ

*

ಬನಹಟ್ಟಿ
3 ಸೆಪ್ಟೆಂಬರ್ 2023

ಧೀರೇಂದ್ರ ಸರ್ ಅವರಿಗೆ ನಮಸ್ಕಾರ.

ಪತ್ರ ಮುಟ್ಟಿತು. ‘ಮುಳುಗಿದ ಊರು’ ಎಂಬಲ್ಲಿಗೆ ಬಂದಾಗ ಮಡಚಿ ಇಟ್ಟೆ. ಆಮೇಲೆ ಯಾವಾಗಲೋ ತೆಗೆದು ಉಳಿದದ್ದನ್ನು ಓದಿದೆ.

ಯಾವ ನಿಯಮಕ್ಕೂ ಸಲ್ಲುವ ಪುಸ್ತಕ ಎಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಆಯಿತಲ್ಲ ಸರ್. ಸಿಟ್ಟಾಗಬೇಡಿ. ನಮ್ಮಲ್ಲಿ ಅಂಚಿನಲ್ಲಿ ಒಂದು ಚೌಕ ತಪ್ಪಿದರೂ ಮಗ್ಗದ ಮೇಲೆ ಸೀರೆಯುದ್ದಕ್ಕೂ ತಪ್ಪು ಬರುತ್ತದೆ. ಬೇಕಾದವರು ಬೇಕಾದ ಹಾಗೆ ಮಾಡಿಕೊಳ್ಳಲಿ ಎನ್ನುವ ಕೆಲಸ ನಾನು ಮಾಡಿಲ್ಲ.

ನಾನು ಬೀಳಗಿ ಕಡೆಯವಳು. ಇಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ. ಶನಿವಾರ ಸಂಜೆ ಬಸ್ಸು ಹತ್ತಿ ಅವ್ವ, ಅಪ್ಪ, ತಮ್ಮ, ಅವನ ಹೆಂಡತಿ ಇರುವ ಮನೆಗೆ ಹೋಗುತ್ತೇನೆ. ನಕ್ಷೆ ಬರೆಯುತ್ತೇನೆ. ಆದರೆ ಎರಡು ಮಾತು ಕೇಳಬೇಕು. ಆ ಮಾಟಗಾರ ಊರು ಯಾಕೆ ಮುಳುಗಿಸಿದ, ಅವನಿಗೆ ನೀರು ಬೇಕಾಗಿತ್ತೇ? ಮತ್ತೆ, ಊರಿನ ಜನ ಎಲ್ಲಿಗೆ ಹೋದರು? ನಿಮ್ಮ ಪತ್ರದಲ್ಲಿ ಅದಿಲ್ಲ.

ಸೌಂದರ್ಯಾ

*

ಕಾರವಾರ
1 ಅಕ್ಟೋಬರ್ 2023

ಸೌಂದರ್ಯಾ ಅವರಿಗೆ,

ನಕ್ಷೆ ಬಂತು. ಇಡೀ ದಿನ ಬೇರೆ ಕೆಲಸಕ್ಕೆ ಕೈ ಹಚ್ಚಿಲ್ಲ. ನಾನು ಭೂಗೋಳದವನು, ಕಟ್ಟುಕತೆಯ ಊರು ಯಾವುದು ಎಂದು ವಾಸನೆಯಲ್ಲೇ ಹೇಳಬಲ್ಲೆ. ಕಟ್ಟುಕತೆಯ ಊರಿನಲ್ಲಿ ದಾರಿಗಳೆಲ್ಲ ನೆಟ್ಟಗಿರುತ್ತವೆ. ನಿಮ್ಮ ಊರಿನಲ್ಲಿ ಊರು ಹೊಗುವ ಅಗಸಿ ದಾಟಿದ ದಾರಿ ಹಣಮಪ್ಪನ ಗುಡಿಯ ಮುಂದೆ ಯಾವುದೋ ಒಂದು ಕಲ್ಲಿಗಾಗಿ ಬಳಸಿ ಹೋಗುತ್ತದೆ. ಬಾವಿಯ ಹತ್ತಿರ ಮನೆಗಳು ಒತ್ತಾಗಿವೆ, ಕುಂಬಾರ ಓಣಿಗೆ ಬಂದರೆ ಬಿಡಿಬಿಡಿಯಾಗುತ್ತವೆ. ನೀರಿಗೆ ಹೋಗುವ ದಾರಿ ಮಾತ್ರ ಅಗಲ. ಇಲ್ಲದ ಊರನ್ನು ಹೀಗೆ ಕಣ್ಣ ಮುಂದೆ ತರುವ ಕಲ್ಪನೆ ನಿಮಗೆ ಎಲ್ಲಿಂದ ಬಂತು?

ಕೊಂಕು ಹುಡುಕಲೇಬೇಕಲ್ಲ, ಮೇಷ್ಟರ ಚಟ. ನೀವು ಬಾಗಿಲುಗಳನ್ನೇ ಮರೆತಿದ್ದೀರಿ. ಒಂದು ಮನೆಗೂ ಬಾಗಿಲಿನ ಗುರುತಿಲ್ಲ, ಗೌಡರ ವಾಡೆಗೂ ಇಲ್ಲ. ಈ ಆಟದಲ್ಲಿ ಬೀಗ ಹಾಕಿದ ಬಾಗಿಲೇ ಅರ್ಧ ಮಜಾ. ಇನ್ನೊಂದು: ಊರಿನ ಹೊರಗೆ ಹೊಲದಲ್ಲಿ ಒಂದು ಬೇವಿನ ಮರ, ಅದರ ಹಿಂದೆ ಒಂದು ಚುಕ್ಕೆ ಇದೆ. ಉಳಿದದ್ದಕ್ಕೆಲ್ಲ ಹೆಸರು ಬರೆದಿದ್ದೀರಿ, ಇದಕ್ಕಿಲ್ಲ. ಶಾಯಿ ಸಿಡಿದದ್ದೋ, ಬೇಕೆಂದೇ ಇಟ್ಟದ್ದೋ?

ನಿಮ್ಮ ಪ್ರಶ್ನೆಗೆ ಉತ್ತರ: ಜನ ಎಲ್ಲ ಸತ್ತು ದೆವ್ವಗಳಾಗಿದ್ದಾರೆ. ಆಟಕ್ಕೆ ಅದೇ ಅನುಕೂಲ. ಮಾಟಗಾರ ಯಾಕೆ ಮುಳುಗಿಸಿದ ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ. ಯೋಚಿಸಿ ಹೇಳುತ್ತೇನೆ. ಅಂದಹಾಗೆ, ಇಲ್ಲಿ ಭಾನುವಾರ ನಮ್ಮದೊಂದು ಆಟದ ಗುಂಪು ಸೇರುತ್ತದೆ. ನಿಮ್ಮ ಊರನ್ನು ಅವರ ಮುಂದೆ ಇಡುತ್ತೇನೆ.

ಧೀರೇಂದ್ರ

*

ಬನಹಟ್ಟಿ
15 ಅಕ್ಟೋಬರ್ 2023

ಸರ್,

ಬಾಗಿಲು ಮರೆತಿಲ್ಲ. ಆ ಊರಿನಲ್ಲಿ ಬಾಗಿಲು ಇರುವುದಿಲ್ಲ. ನೀರು ಬರುತ್ತದೆ ಎಂದು ಗೊತ್ತಾದ ಮೇಲೆ ಯಾರೂ ಬಾಗಿಲು ಬಿಟ್ಟು ಹೋಗುವುದಿಲ್ಲ. ಬಾಗಿಲು, ಚೌಕಟ್ಟು, ಕಂಬ, ತೊಲೆ, ಗೋಡೆಯ ಗೂಟ, ಒಳ್ಳೆಯ ಕಲ್ಲು ಎಲ್ಲವನ್ನೂ ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಾರೆ. ಹೊಸ ಕಡೆ ಮನೆ ಕಟ್ಟಬೇಕಲ್ಲ. ಉಳಿಯುವುದು ಮಣ್ಣಿನ ಗೋಡೆ, ಅದೂ ಮೊದಲ ವರ್ಷವೇ ಕರಗುತ್ತದೆ. ನಿಮ್ಮ ಸಾಹಸಿಗಳು ಬೀಗ ಮುರಿಯುವ ಸಲಕರಣೆ ಮನೆಯಲ್ಲೇ ಇಟ್ಟು ಬರಲಿ.

ದೆವ್ವಗಳೂ ಬೇಡ. ಜನ ಸತ್ತಿಲ್ಲ, ಬೇರೆ ಕಡೆ ಇದ್ದಾರೆ.

ಚುಕ್ಕೆ ಶಾಯಿ ಸಿಡಿದದ್ದಲ್ಲ. ಅದು ಅಲ್ಲೇ ಇರಲಿ, ಅಳಿಸಬೇಡಿ.

ಸೌಂದರ್ಯಾ

*

ಕಾರವಾರ
19 ನವೆಂಬರ್ 2023

ಸೌಂದರ್ಯಾ ಅವರಿಗೆ,

ಸೋತೆ. ಬಾಗಿಲಿಲ್ಲದ ಊರು ನನ್ನ ಊರಿಗಿಂತ ನೂರು ಪಾಲು ಮೇಲು. ಎಲ್ಲ ಮನೆಗಳೂ ತೆರೆದೇ ಇವೆ, ಆದರೂ ಒಳಗೆ ಕಾಲಿಡಲು ಮನಸ್ಸಾಗುವುದಿಲ್ಲ. ಇಂಥ ಸೂಕ್ಷ್ಮ ಹೊಳೆಯುವುದಕ್ಕೆ ಕಲಾವಿದೆಯೇ ಆಗಬೇಕು. ದೆವ್ವಗಳಿಗೂ ರಜೆ ಕೊಟ್ಟೆ.

ಚುಕ್ಕೆಯನ್ನು ಅಳಿಸಿಲ್ಲ. ಅದಕ್ಕೆ ತಕ್ಕ ಮರ್ಯಾದೆಯನ್ನೇ ಕೊಟ್ಟಿದ್ದೇನೆ. ನನ್ನ ಪುಸ್ತಕದಲ್ಲಿ ಪ್ರತಿ ಜಾಗಕ್ಕೂ ಆರು ಸಾಧ್ಯತೆಗಳು. ದಾಳ ಹಾಕಿ ಯಾವುದು ಬಂದರೆ ಅದು. ಬೇವಿನ ಮರದ ಹಿಂದೆ ಅಗೆದರೆ ಒಂದಕ್ಕೆ ಬೆಳ್ಳಿ ಕಡಗದ ಗಂಟು, ಎರಡಕ್ಕೆ ತುಕ್ಕು ಹಿಡಿದ ಕತ್ತಿ, ಮೂರಕ್ಕೆ ಹಾವು, ನಾಲ್ಕಕ್ಕೆ ಬರೀ ಮಣ್ಣು, ಐದಕ್ಕೆ ಸಣ್ಣ ಸಣ್ಣ ಎಲುಬು, ಮುಟ್ಟಿದವರಿಗೆ ಶಾಪ. ಆರಕ್ಕೆ ಮಾಟಗಾರನ ಉಂಗುರ.

ಕಳೆದ ಭಾನುವಾರ ಗುಂಪಿನವರು ಆಡಿದರು. ನಮ್ಮ ಕತ್ತಿಯವನು ಯಾರ ಮಾತೂ ಕೇಳದೆ ಸಲಿಕೆ ಹಿಡಿದು ಚುಕ್ಕೆಯ ಮೇಲೆ ಅಗೆದೇಬಿಟ್ಟ. ದಾಳ ಹಾಕಿದರೆ ಐದು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಮ್ಮ ನಕ್ಷೆಯ ಅತಿ ರುಚಿಯಾದ ಜಾಗ ಅದೇ ಎಂದು ಒಮ್ಮತದ ತೀರ್ಮಾನವಾಯಿತು.

ಅಮೋಲ ಸಂಕ್ರಮಣದೊಳಗೆ ಅಚ್ಚಿಗೆ ಹಾಕೋಣ ಎನ್ನುತ್ತಿದ್ದಾನೆ. ಒಪ್ಪಿಗೆಯ ಒಂದು ಸಾಲು ಬರೆದರೆ ಸಾಕು.

ಧೀರೇಂದ್ರ

*

ಕಾರವಾರ
28 ಡಿಸೆಂಬರ್ 2023

ಸೌಂದರ್ಯಾ ಅವರಿಗೆ,

ನಿಮ್ಮಿಂದ ಒಂದು ಸಾಲೂ ಇಲ್ಲ. ಮದುವೆ ಸೀಜನ್ನಿನ ಸೀರೆಗಳ ಗಡಿಬಿಡಿ ಇರಬೇಕು ಎಂದುಕೊಂಡೆ. ಆಮೇಲೆ ಅಮೋಲ ನಿಮಗೂ ಕಳಿಸಿದ್ದ ಮುಖಪುಟದ ನಮೂನೆಯಲ್ಲಿ ನಿಮ್ಮ ಹೆಸರು ನನ್ನ ಹೆಸರಿಗಿಂತ ಸಣ್ಣದಾಗಿ ಬಂದದ್ದು ನೆನಪಾಯಿತು. ಅದಕ್ಕೇ ಬೇಸರವಾಗಿದ್ದರೆ ಎರಡೂ ಒಂದೇ ಅಳತೆಯಲ್ಲಿರಲಿ ಎಂದು ಅಮೋಲನಿಗೆ ಹೇಳಿದ್ದೇನೆ. ಅವನು, “ಆಕಿ ಹೆಸರಿನ ಸಲುವಾಗಿ ಸಿಟ್ಟಾಗೂ ಹೆಣಮಗಳಲ್ಲೋ, ನೀನ ಏನರೆ ಬರದಿರಬೇಕು ನೋಡು” ಎಂದ. ಬರೆದ ಪತ್ರಗಳ ಪ್ರತಿ ನನ್ನ ಹತ್ತಿರ ಇಲ್ಲ. ಏನು ಬರೆದೆ ಎಂದು ಎಷ್ಟು ನೆನಪಿಸಿಕೊಂಡರೂ ನಿಮ್ಮನ್ನು ಹೊಗಳಿದ್ದು ಬಿಟ್ಟರೆ ಬೇರೇನೂ ಹೊಳೆಯುವುದಿಲ್ಲ.

ಬೈದಾದರೂ ಬರೆಯಿರಿ.

ಧೀರೇಂದ್ರ

*

ಬನಹಟ್ಟಿ
14 ಜನವರಿ 2024

ಧೀರೇಂದ್ರ ಸರ್ ಅವರಿಗೆ,

ಇದು ಹೆಸರಿನ ಅಳತೆಯ ಮಾತಲ್ಲ.

ನೀವು ಕಲ್ಪನೆ, ಕಲಾವಿದೆ ಎಂದೆಲ್ಲ ಬರೆದಿರಿ. ನನಗೆ ಕಲ್ಪನೆ ಕಡಿಮೆ. ಮನಸ್ಸಿಗೆ ಬಂದ ಊರು ಬರೆಯಿರಿ ಎಂದಿರಿ, ನನ್ನ ಮನಸ್ಸಿಗೆ ಬರುವುದು ಒಂದೇ ಊರು. ಅದು ನಮ್ಮ ಹಳೆಯ ಊರು. ಆಲಮಟ್ಟಿ ಹಿನ್ನೀರಿನಲ್ಲಿದೆ. ಊರು ಬಿಟ್ಟಾಗ ನಾನು ಶಾಲೆಯಲ್ಲಿ ಮೂರನೆಯ ಇಯತ್ತೆ. ಈಗ ನಮ್ಮವರೆಲ್ಲ ಇರುವುದು ಪುನರ್ವಸತಿ ಕೇಂದ್ರದಲ್ಲಿ. ನಮ್ಮ ಮನೆಯ ಬಾಗಿಲು ಅಪ್ಪ ಅಲ್ಲಿಂದ ಕಿತ್ತು ತಂದದ್ದೇ. ಹಣಮಪ್ಪನ ಗುಡಿಯ ಮುಂದೆ ದಾರಿ ಬಳಸಿ ಹೋಗುವುದು ಹುಡುಗರೆಲ್ಲ ಎತ್ತಲು ನೋಡುತ್ತಿದ್ದ ಗುಂಡುಕಲ್ಲಿಗಾಗಿ. ಮೊದಲೇ ಹೇಳಬೇಕಾಗಿತ್ತು ಎಂದು ನೀವು ಅನ್ನಬಹುದು. ಹೇಳಿದ್ದರೆ ನೀವು ಕನಿಕರ ಪಡುತ್ತಿದ್ದಿರಿ, ನನಗೆ ಅದು ಬೇಡವಾಗಿತ್ತು. ಊರು ಯಾರದಾದರೂ ಮೇಜಿನ ಮೇಲೆ ಇನ್ನೊಮ್ಮೆ ಊರಾಗಿ ಇರಲಿ ಎಂದು ಆಸೆಯಾಗಿತ್ತು, ಅಷ್ಟೇ.

ಆ ಬೇವಿನ ಮರ ನಮ್ಮ ಹೊಲದ್ದು. ನಮ್ಮ ಜನ ಸುಡುವುದಿಲ್ಲ, ಹೂಳುತ್ತಾರೆ. ನಾನು ಹುಟ್ಟುವ ಮೊದಲು ಅವ್ವನಿಗೆ ಒಂದು ಗಂಡು ಕೂಸು ಆಗಿತ್ತು. ವರ್ಷ ತುಂಬಲಿಲ್ಲ. ಅದನ್ನು ಆ ಮರದ ಹಿಂದೆ ಮಣ್ಣು ಮಾಡಿದ್ದರು. ಇದನ್ನು ನನಗೆ ಹೇಳಿದ್ದು ಸೋದರತ್ತೆ, ಅವ್ವ ಅಲ್ಲ. ಹೊಲಕ್ಕೆ ಬುತ್ತಿ ಒಯ್ಯುವಾಗ ಅವ್ವ ಅಲ್ಲಿ ನಿಲ್ಲುತ್ತಿದ್ದಳು, ನಾನು ಸೆರಗು ಜಗ್ಗುತ್ತಿದ್ದೆ. ನಮ್ಮವರು ಬಾಗಿಲು ತಂದರು, ತೊಲೆ ತಂದರು. ಅವನನ್ನು ತರಲು ಆಗಲಿಲ್ಲ.

ಮೂರು ದಿನದ ಹಿಂದೆ ಎಳ್ಳಮಾವಾಸ್ಯೆ. ಜಮಖಂಡಿಯವರಿಗೆ ಹೊಲದಲ್ಲಿ ಚರಗ ಚೆಲ್ಲುವುದು ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸಜ್ಜಿ ಕಡಬು, ಪುಂಡಿಪಲ್ಯ ಕಟ್ಟಿಕೊಂಡು ಹೊಸ ಹೊಲಕ್ಕೆ ಹೋಗಿದ್ದೆವು. ಅವ್ವ ನಾಲ್ಕೂ ದಿಕ್ಕಿಗೆ ಎಡೆ ಚೆಲ್ಲಿದ ಮೇಲೆ ಹೊಳೆಯ ಕಡೆ ಮುಖ ಮಾಡಿ ಇನ್ನೊಂದು ಹಿಡಿ ಚೆಲ್ಲುತ್ತಾಳೆ. ಪ್ರತಿ ವರ್ಷವೂ ಹೀಗೇ. ಈ ವರ್ಷ ನನಗೆ ಅದನ್ನು ನೋಡಲು ಆಗಲಿಲ್ಲ. ಕಣ್ಣ ಮುಂದೆ ನಿಮ್ಮ ಕತ್ತಿಯವನ ಸಲಿಕೆಯೇ ಬರುತ್ತಿತ್ತು. ಸಣ್ಣ ಸಣ್ಣ ಎಲುಬು ಎಂದು ಬರೆದಿದ್ದೀರಿ ಸರ್. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು ಎಂದು ಬರೆದಿದ್ದೀರಿ. ಆ ಪತ್ರ ಓದಿದ ದಿನದಿಂದ ನಿಮ್ಮ ಮೇಲೆ ನನಗಿರುವಷ್ಟು ಸಿಟ್ಟು ಯಾರ ಮೇಲೂ ಇಲ್ಲ. ನಿಮಗೆ ಗೊತ್ತಿರಲಿಲ್ಲ ಎಂಬುದು ನನಗೆ ಗೊತ್ತು, ಆದರೂ ಸಿಟ್ಟು ಇಳಿಯುತ್ತಿಲ್ಲ.

ನಕ್ಕವರು ಯಾರು ಯಾರು, ಹೆಸರು ಬರೆಯಿರಿ. ನನ್ನ ನಕ್ಷೆ ವಾಪಸು ಕಳಿಸಿ.

ಸೌಂದರ್ಯಾ

*

ಕಾರವಾರ
22 ಜನವರಿ 2024

ಸೌಂದರ್ಯಾ ಅವರಿಗೆ,

ನಕ್ಷೆ ಇದರ ಜೊತೆಗೇ ರಿಜಿಸ್ಟರ್ ಅಂಚೆಯಲ್ಲಿ ಬರುತ್ತಿದೆ. ನನ್ನ ಹತ್ತಿರ ಇದ್ದ ಜೆರಾಕ್ಸ್ ಪ್ರತಿಯನ್ನೂ ಇಟ್ಟಿದ್ದೇನೆ. ‘ಮುಳುಗಿದ ಊರು’ ಪುಸ್ತಕದಲ್ಲಿ ಇರುವುದಿಲ್ಲ. ಅಮೋಲನಿಗೆ ಫೋನ್ ಮಾಡಿ ಅಚ್ಚು ನಿಲ್ಲಿಸಿ ಆ ಪುಟಗಳನ್ನು ತೆಗೆಸಿದೆ. ಕಾರಣ ಹೇಳಿಲ್ಲ.

ನಕ್ಕವರ ಹೆಸರು ಕೇಳಿದ್ದೀರಿ. ಯಾರೂ ನಕ್ಕಿಲ್ಲ, ಏಕೆಂದರೆ ಗುಂಪೇ ಇಲ್ಲ. ಒಂದು ಕಾಲಕ್ಕೆ ಇತ್ತು. ಒಬ್ಬನಿಗೆ ವರ್ಗವಾಯಿತು, ಒಬ್ಬಳಿಗೆ ಮಕ್ಕಳಾದವು, ಉಳಿದವರಿಗೆ ಬೇಸರ ಬಂತು. ಈಗ ಭಾನುವಾರ ಮೇಜಿನ ಮುಂದೆ ನಾನೊಬ್ಬನೇ. ಆಡಲು ಜೊತೆ ಇಲ್ಲದವನು ಎಲ್ಲರೂ ಆಡಬಹುದಾದ ಪುಸ್ತಕ ಬರೆಯುತ್ತಿದ್ದೇನೆ ಎಂದು ನಿಮಗೆ ಹೇಳಲು ನಾಚಿಕೆಯಾಯಿತು. ನಿಮ್ಮ ನಕ್ಷೆ ನಾಲ್ಕು ಜನರ ಮೆಚ್ಚುಗೆ ಪಡೆಯಿತು ಎಂದರೆ ನಿಮಗೆ ಹಿತವಾದೀತು ಎಂದುಕೊಂಡು ಕತೆ ಕಟ್ಟಿದೆ. ಹಿತ ಮಾಡಲು ಹೋಗಿ ಏನು ಮಾಡಿದೆ ನೋಡಿ.

ಅಲ್ಲಿ ಯಾರೂ ಅಗೆದಿಲ್ಲ. ದಾಳವನ್ನೂ ಹಾಕಿಲ್ಲ. ಇದೊಂದನ್ನು ನಂಬಿ.

ನೀವು ಬಾಗಿಲುಗಳ ವಿಷಯ ಬರೆದಾಗಲೇ ನನಗೆ ತಿಳಿಯಬೇಕಾಗಿತ್ತು. ನಾನೂ ಅದೇ ಹೊಳೆಯ ಸೀಮೆಯವನು. ನೀರು ಏರಿದ ವರ್ಷಗಳಲ್ಲಿ ತೊಲೆ, ಬಾಗಿಲು ಹೇರಿದ ಟ್ರ್ಯಾಕ್ಟರುಗಳು ಜಮಖಂಡಿಯ ರಸ್ತೆಯಲ್ಲಿ ಹೋಗುವುದನ್ನು ನಾನು ಕಂಡಿದ್ದೇನೆ. ಯಾರದೋ ಮನೆ ಕಟ್ಟುತ್ತಿದ್ದಾರೆ ಎಂದುಕೊಂಡಿದ್ದೆ.

ಕ್ಷಮೆ ಕೇಳುವ ಮುಖ ಇಲ್ಲ. ಆದರೂ ಕೇಳುತ್ತೇನೆ.

ಧೀರೇಂದ್ರ

*

ಬನಹಟ್ಟಿ
10 ಮಾರ್ಚ್ 2024

ಧೀರೇಂದ್ರ ಸರ್ ಅವರಿಗೆ ನಮಸ್ಕಾರ.

ಯಾರೂ ಅಗೆದಿಲ್ಲ ಎಂಬ ಸಾಲನ್ನು ಬಸ್ಸಿನಲ್ಲಿ ಓದಿದೆ. ಪಕ್ಕದಲ್ಲಿ ಕೂತ ಹೆಂಗಸು, “ಯಾಕಬೇ ತಂಗಿ, ಏನಾತು?” ಎಂದು ಕೇಳುವ ಹಾಗೆ ಅತ್ತುಬಿಟ್ಟೆ. ಸಿಟ್ಟು ಪೂರ್ತಿ ಹೋಗಿಲ್ಲ, ಆದರೆ ಮೊದಲಿನಷ್ಟಿಲ್ಲ. ಗುಂಪು ಇದೆ ಎಂದು ಸುಳ್ಳು ಹೇಳಿದ್ದಕ್ಕೆ ನಿಮ್ಮನ್ನು ನೋಡಿ ನಗಬೇಕೋ ಏನೋ. ಮೇ ರಜೆಗೆ ಜಮಖಂಡಿಗೆ ಬರುತ್ತೀರಲ್ಲ, ಹಾಗೆಯೇ ನಮ್ಮಲ್ಲಿಗೆ ಬನ್ನಿ. ನಾನು, ತಮ್ಮ, ತಮ್ಮನ ಹೆಂಡತಿ ಇದ್ದೇವೆ. ಆಟ ನಡೆಸುವವರು ನೀವು. ಯಾವ ನಿಯಮ ಎಂದು ನಮಗೆ ಗೊತ್ತಿಲ್ಲ, ನಿಮ್ಮ ಪುಸ್ತಕಕ್ಕೆ ಅದು ಬೇಕಾಗಿಯೂ ಇಲ್ಲವಲ್ಲ.

ಈಗ ಮುಖ್ಯ ಮಾತು. ನಕ್ಷೆಯನ್ನು ಊರಿಗೆ ಒಯ್ದು ಟ್ರಂಕಿನ ತಳದಲ್ಲಿ ಇಡಬೇಕೆಂದಿದ್ದೆ. ಶಿವರಾತ್ರಿಯ ಮರುದಿನ ಅವ್ವ ನನ್ನ ಚೀಲದಲ್ಲಿ ಮತ್ತೇನೋ ಹುಡುಕುತ್ತಾ ಅದನ್ನು ತೆಗೆದಳು. ಅವ್ವನಿಗೆ ಓದಲು ಬರುವುದಿಲ್ಲ. ಹಾಳೆಯನ್ನು ಒಂದು ಸಲ ತಿರುಗಿಸಿ ಹೊಳೆಯನ್ನು ತನ್ನ ಕಡೆ ಮಾಡಿಕೊಂಡಳು. ಬೆರಳಿನಿಂದ ಅಗಸಿ ಹೊಕ್ಕಳು, ಗುಂಡುಕಲ್ಲು ಬಳಸಿದಳು, ನಮ್ಮ ಮನೆಯ ಮುಂದೆ ನಿಲ್ಲದೆ ನೇರ ಹೊಲಕ್ಕೆ ಹೋದಳು. ಬೆರಳು ಚುಕ್ಕೆಯ ಮೇಲೆ ನಿಂತಿತು.

“ಇದನ್ನ ಯಾರ ಸಲುವಾಗಿ ತಗದಿ?” ಎಂದು ಕೇಳಿದಳು.

ಎಲ್ಲ ಹೇಳಿದೆ. ಆಟ, ದಾಳ, ನಿಮ್ಮ ಪುಸ್ತಕ, ನನ್ನ ಸಿಟ್ಟು. ಎಲುಬಿನ ಮಾತು ಮಾತ್ರ ಹೇಳಲಿಲ್ಲ, ನೀವೂ ಎಂದೂ ಹೇಳಬೇಡಿ.

“ಆ ಆಟದಾಗ ಮಂದಿ ಇಲ್ಲೀತನಾ ಬರತಾರನು?”

“ಬರತಿದ್ರವ್ವ. ನಾ ಬ್ಯಾಡಂದೆ. ಪುಸ್ತಕದಾಗಿಂದ ತಗಿಸೀನಿ.”

“ಯಾಕ ತಗಿಸಿದಿ?”

“ಅಗೀತಾರವ್ವ ಅವರು.”

ಅವ್ವ ಚುಕ್ಕೆಯ ಮೇಲಿನ ಬೆರಳು ತೆಗೆಯಲಿಲ್ಲ. ಅಪ್ಪ ಹೊರಗಿನಿಂದ ಚಹಾ ಕೇಳಿದರೂ ಎದ್ದು ಹೋಗಲಿಲ್ಲ. ಆಮೇಲೆ ಹೇಳಿದಳು:

“ಅಗೀಬ್ಯಾಡ್ರಿ ಅಂತ ಬರಿ. ಬರಬ್ಯಾಡ್ರಿ ಅಂತ ಯಾಕ ಅಂತಿ? ಅವನ ಕಡೆ ಯಾರೂ ಹೋಗಲಾರದ ಭಾಳ ವರ್ಷ ಆಗೇತಿ.”

ನಾನು ಇಷ್ಟು ದಿನ ಅವ್ವನ ಪರವಾಗಿ ಸಿಟ್ಟಾಗಿದ್ದೆ ಸರ್. ಅವ್ವನನ್ನು ಕೇಳಿಯೇ ಇರಲಿಲ್ಲ.

ಹಾಗಾಗಿ ಆ ಅಧ್ಯಾಯ ಪುಸ್ತಕದಲ್ಲಿ ಇರಲಿ. ನಕ್ಷೆಯನ್ನು ಮತ್ತೆ ಕಳಿಸುತ್ತಿದ್ದೇನೆ. ಬೇರೆ ಜಾಗಗಳಿಗೆ ನಿಮ್ಮ ಆರು ಸಾಧ್ಯತೆಗಳು ಇರಲಿ, ಬೇವಿನ ಮರದ ಹಿಂದೆ ಒಂದೇ. ಅಲ್ಲಿ ದಾಳ ಬೇಡ. ಆ ಜಾಗಕ್ಕೆ ಏನು ಬರೆಯಲಿ ಎಂದು ಅವ್ವನನ್ನೇ ಕೇಳಿದೆ. ಮೊದಲು ಹೆಸರು ಹೇಳಿದಳು, ಶಿವಯೋಗಿ. ಅವ್ವನ ಬಾಯಲ್ಲಿ ಆ ಹೆಸರು ನಾನು ಕೇಳಿದ್ದು ಇದೇ ಮೊದಲು. ಬಂದವರು ಒಂದು ಚರಗಿ ನೀರು ಹಾಕಿ ಹೋಗಲಿ ಎಂದು ಬರೆಯಲೇ ಎಂದೆ. ಅದಕ್ಕೆ ಅವ್ವ ಹೇಳಿದ್ದನ್ನು ಕೆಳಗೆ ಬರೆದಿದ್ದೇನೆ. ನಿಮ್ಮ ಪುಸ್ತಕದ ಭಾಷೆಗೆ ತಿದ್ದಬೇಡಿ, ಇದ್ದ ಹಾಗೆಯೇ ಅಚ್ಚಾಗಲಿ.

“ನೀರ ಬ್ಯಾಡ. ನೀರ ಭಾಳ ಆಗೇತಿ ಅವಗ. ಒಂಚೂರ ಕುಂತು ಹೋಗ್ರಿ.”

ಸೌಂದರ್ಯಾ